ಚೆಂಡೆಯ ಪಕ್ಕ ಗಿಟಾರ್

ಮಕರ ತಿಂಗಳ ಒಂದು ಶನಿವಾರ ಸಂಜೆ, ಕಾಸರಗೋಡಿನ ಒಳಭಾಗದ ಒಂದು ಪದವಿನಲ್ಲಿ, ಅಂದರೆ ಕಲ್ಲುನೆಲದ ಎತ್ತರದ ಬಯಲಿನಲ್ಲಿ, ಜಾನಪದ ರಾಕ್ ಕಾರ್ಯಕ್ರಮ. ಮೂರು ತಂಡಗಳು, ಮೂರೂ ಸ್ವತಂತ್ರ. ಅಂದರೆ ಬೆನ್ನಿಗೆ ಕಂಪೆನಿಯಿಲ್ಲ, ಸಿನಿಮಾ ಇಲ್ಲ. ಆಂಪ್ಲಿಫೈಯರ್ ಹೊರುವವನೂ ಹಾಡುವವನೂ ಒಬ್ಬನೇ. ಮೊದಲನೆಯದು ಗಿಟಾರ್, ಬೇಸ್, ಪಿಟೀಲು ಇಟ್ಟುಕೊಂಡು ತತ್ವಪದ ಹಾಡುವ ಕನ್ನಡ ತಂಡ. ಎರಡನೆಯದರಲ್ಲಿ ತೆಂಕುತಿಟ್ಟು ಯಕ್ಷಗಾನದ ಚೆಂಡೆ ಮದ್ದಳೆಗಳ ಜೊತೆ ಕೊಳಲು, ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್. ಕೊನೆಯದು ಮಾವಿಲ ಬುಡಕಟ್ಟಿನವರ ಮಂಗಲಂಕಳಿಯ ತುಡಿ ಎಂಬ ಚರ್ಮವಾದ್ಯ ಮತ್ತು ಹಾಡುಗಾರ್ತಿಯರ ಜೊತೆಗೆ ಮಲಯಾಳದ ರಾಕ್ ಹುಡುಗರು. ಮಂಗಲಂಕಳಿ ಮದುವೆ ಚಪ್ಪರದ ಕುಣಿತ. 2025ರ ಜನವರಿಯಲ್ಲಿ ತಿರುವನಂತಪುರದ ಶಾಲಾ ಕಲೋತ್ಸವದಲ್ಲಿ ಅದು ಸ್ಪರ್ಧೆಯ ಪಟ್ಟಿಗೆ ಸೇರಿದ ಮೇಲೆ ಹೊರಗಿನವರಿಗೂ ಅದರ ಹೆಸರು ಗೊತ್ತಾಯಿತು. ತುಳು ಮಲಯಾಳ ಬೆರೆತ ಆ ಹಾಡುಗಳು ಈ ನೆಲದಲ್ಲಿ ಮೊದಲಿಂದಲೂ ಇದ್ದವು.

ಜಾನಪದ ರಾಕ್ ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ರಘು ದೀಕ್ಷಿತರ ತಂಡ ಷರೀಫರ ಪದಗಳನ್ನು ಗಿಟಾರಿಗೆ ಹಚ್ಚಿದ್ದು, ಬೆಂಗಳೂರಿನ ಸ್ವರಾತ್ಮ ತಂಡ, ಮಲಯಾಳಿಗಳಿಗೆ ಅವಿಯಲ್ ತಂಡ. ಆಲ್ಬಮ್ ಕೇಳಿ ಕಟ್ಟಿಕೊಂಡ ಅಂದಾಜು ಮಾತ್ರ ಬಯಲು ವೇದಿಕೆಯಲ್ಲಿ ಕೈಕೊಡುತ್ತದೆ. ಸ್ಟುಡಿಯೋದಲ್ಲಿ ಚೆಂಡೆಯನ್ನು ಬೇರೆ ಕೋಣೆಯಲ್ಲಿ ಕೂರಿಸಬಹುದು, ಸದ್ದು ತಗ್ಗಿಸಬಹುದು, ಶ್ರುತಿ ತಪ್ಪಿದರೆ ಇನ್ನೊಮ್ಮೆ ಬಾರಿಸಬಹುದು. ಪದವಿನಲ್ಲಿ ಎಲ್ಲರೂ ಒಂದೇ ಗಾಳಿಯಲ್ಲಿ. ಅಲ್ಲಿ ಬಗ್ಗಬೇಕಾದದ್ದು ರಾಕ್ ಕಡೆಯವರು, ಚೆಂಡೆ ತುಡಿಯವರಲ್ಲ; ಯಾಕೆಂದರೆ ಬಗ್ಗಲು ಬರುವುದು ಗಿಟಾರಿಗೆ ಮಾತ್ರ.

ಶ್ರುತಿಯನ್ನೇ ನೋಡಿ. ಭಾಗವತಿಕೆ ಕಲಿತ ಗಾಯಕ ತನ್ನ ಶ್ರುತಿ ಕಪ್ಪು ಮೂರು, ಅಂದರೆ ಹಾರ್ಮೋನಿಯಂನ ಮೂರನೇ ಕಪ್ಪು ಮನೆ, ಎಂದರೆ ಅದು ಕಪ್ಪು ಮೂರೇ. ಮದ್ದಳೆಯ ಬಲಭಾಗ, ಚೆಂಡೆ ಎರಡೂ ಆ ಷಡ್ಜಕ್ಕೆ ಬಿಗಿದು ಬಂದಿರುತ್ತವೆ. ಪಾಶ್ಚಾತ್ಯ ‘ಇ’ ಶ್ರುತಿಯಲ್ಲಿ ಹಾಡು ಕಲಿತ ಗಿಟಾರಿಸ್ಟ್ ಎರಡನೇ ಮನೆಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಹಾಕಿದರೆ ಕೆಲಸ ಮುಗಿಯಿತು. ಗಾಯಕ ಬಿಳಿ ಐದಕ್ಕೆ ಹಾಡುವವನಾದರೆ ಮೂರನೇ ಮನೆ. ಕೇಪೋ ಹಾಕಿದ ಮೇಲೆ ತಂತಿಗಳು ಸ್ವಲ್ಪ ಏರುತ್ತವೆ, ಮತ್ತೊಮ್ಮೆ ಟ್ಯೂನ್ ಮಾಡಲೇಬೇಕು. ಇದನ್ನು ಮರೆಯುವವರೇ ಹೆಚ್ಚು. ಇನ್ನೊಂದು, ಕಾರ್ಡಿನ, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪಿನ, ಗಾಂಧಾರ. ಮೇಜರ್ ಮೈನರ್ ಎಂದು ಪೂರ್ತಿ ಕಾರ್ಡ್ ಹಿಡಿದರೆ ಹಾಡಿನ ಗಾಂಧಾರದ ಜೊತೆ ಅದು ಜಗಳಕ್ಕೆ ನಿಲ್ಲುತ್ತದೆ. ಷಡ್ಜ ಪಂಚಮ ಮಾತ್ರ ಹಿಡಿದರೆ ಹಾಡಿಗೆ ಜಾಗ ಉಳಿಯುತ್ತದೆ. ಎರಡನೇ ತಂಡದ ಗಿಟಾರಿಸ್ಟ್ ಹೆಚ್ಚಿನ ಕಡೆ ಹಾಗೆಯೇ ಮಾಡಿದ. ಅವನ ಡಿಸ್ಟಾರ್ಷನ್ (ಬೇಕೆಂದೇ ಒಡೆಸಿದ ಸದ್ದು) ಕೂಡ ಕಿವಿಗೆ ಹಿತವಾಗಿದ್ದುದಕ್ಕೆ ಅದೇ ಕಾರಣ.

ಕತ್ತಲಾದ ಮೇಲಿನ ಫಜೀತಿ ಬೇರೆಯೇ. ಮಂಜು ಇಳಿದಂತೆ ಮದ್ದಳೆಯ ಚರ್ಮ ತೇವ ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ತಂಪಿಗೆ ಉಕ್ಕಿನ ತಂತಿ ಕುಗ್ಗಿ ಬಿಗಿಯಾಗುತ್ತದೆ, ಗಿಟಾರ್ ಏರುತ್ತದೆ. ಗಾಳಿ ತಣ್ಣಗಾದಷ್ಟೂ ಕೊಳಲು ಇಳಿಯುತ್ತದೆ. ಡ್ರಮ್ ಸೆಟ್ಟಿನ ಪ್ಲಾಸ್ಟಿಕ್ ಹೊದಿಕೆಗೆ ತೇವದ ಗೊಡವೆಯಿಲ್ಲ. ಐದು ಗಂಟೆಗೆ ಒಂದಾಗಿದ್ದ ನಾಲ್ಕು ವಾದ್ಯಗಳು ಎಂಟಕ್ಕೆ ನಾಲ್ಕು ದಿಕ್ಕು. ಮದ್ದಳೆಗಾರರು ಸರದಿ ಬರುವವರೆಗೂ ವಾದ್ಯವನ್ನು ಬಟ್ಟೆಯ ಚೀಲದಿಂದ ತೆಗೆಯಲಿಲ್ಲ. ವೇದಿಕೆಗೆ ಹತ್ತುವ ಮೊದಲು ಹ್ಯಾಲೊಜೆನ್ ದೀಪದ ಎದುರು ಸ್ವಲ್ಪ ಹೊತ್ತು ಹಿಡಿದು, ಕಲ್ಲಿನಿಂದ ಬಡಿದು ಸರಿ ಮಾಡಿಕೊಂಡರು. ಎಲ್ಇಡಿ ದೀಪಕ್ಕೆ ಅಷ್ಟು ಶಾಖವಿಲ್ಲ, ಇದಕ್ಕೆ ಹಳೆಯ ಹ್ಯಾಲೊಜೆನ್ನೇ ಬೇಕು. ಎರಡು ಹಾಡುಗಳ ನಡುವೆ ಟ್ಯೂನರ್ ನೋಡುವ ಬದಲು ಗಿಟಾರಿಸ್ಟ್ ಮದ್ದಳೆಯ ಷಡ್ಜ ಕೇಳಿ ತಂತಿ ಇಳಿಸಿದ. ಸರಿಯಾದ ಕ್ರಮ ಇದೇ. ಮದ್ದಳೆ ಇಳಿದಿರುವಾಗ ಯಂತ್ರದ ಪ್ರಕಾರ ಶುದ್ಧವಾಗಿದ್ದು ಏನು ಪ್ರಯೋಜನ?

ತಾಳಕ್ಕೆ ಬರೋಣ. ರಾಕ್ ಡ್ರಮ್ಮರನ ಕೈ ನಾಲ್ಕಕ್ಕೆ ಒಗ್ಗಿರುತ್ತದೆ. ಯಕ್ಷಗಾನದ ತ್ರಿವುಡೆ ಏಳು, ಝಂಪೆ ಐದರ ಲೆಕ್ಕ. ಏಳನ್ನು ಮೂರು, ಎರಡು, ಎರಡು ಎಂದು ಒಡೆದು, ಒಂದರ ಮೇಲೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ನಾಲ್ಕು ಮತ್ತು ಆರರ ಮೇಲೆ ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಬಿದ್ದರೆ ಚೆಂಡೆಯ ಪೆಟ್ಟುಗಳಿಗೆ ಬಾಗಿಲು ತೆರೆದಿರುತ್ತದೆ. ಹೈಹ್ಯಾಟ್ ಎಂಬ ಜೋಡಿ ತಟ್ಟೆ ತುಂಬಾ ಬಾರಿಸಬಾರದು, ಅದೂ ಚೆಂಡೆಯೂ ಒಂದೇ ಎತ್ತರದ ಸದ್ದಿಗೆ ಪೈಪೋಟಿ ನಡೆಸುತ್ತವೆ. ದೊಡ್ಡ ತೊಡಕು ಕಾಲದ್ದು. ಚೆಂಡೆ ವೇಗ ಏರಿಸುತ್ತಾ ಹೋಗುವ ವಾದ್ಯ, ಬಿಡ್ತಿಗೆಯ (ಮುಕ್ತಾಯದ ಪೆಟ್ಟುಗಳ) ಹೊತ್ತಿಗೆ ಶುರುವಿನ ವೇಗ ಇರುವುದಿಲ್ಲ. ಒಂದೇ ವೇಗದಲ್ಲಿ ತಾಳ ಎಣಿಸುವ ಲ್ಯಾಪ್‌ಟಾಪಿನ ಕ್ಲಿಕ್ ಕಿವಿಗೆ ಹಾಕಿಕೊಂಡು ಇದಕ್ಕೆ ನುಡಿಸಲಾಗದು. ಮೊದಲ ತಂಡ ತಂಬೂರಿಯ ನಾದವನ್ನೂ ಕೋರಸ್ಸನ್ನೂ ಲ್ಯಾಪ್‌ಟಾಪಿನಿಂದ ಬಿಟ್ಟಿತ್ತು; ಹಾಡು ಅಚ್ಚುಕಟ್ಟಾಗಿತ್ತು, ಆದರೆ ಜನ ಕೈತಟ್ಟಿ ಇನ್ನೊಂದು ಸುತ್ತು ಬೇಡಿದಾಗ ಲಂಬಿಸಲು ದಾರಿಯಿರಲಿಲ್ಲ, ಫೈಲ್ ಮುಗಿದಿತ್ತು.

ಮಂಗಲಂಕಳಿಯ ಹಾಡಿನಲ್ಲಿ ಸಾಲಿನ ಉದ್ದ ಹಾಡುವವರ ಉಸಿರಿಗೆ ಬಿಟ್ಟದ್ದು. ಎಣಿಸುತ್ತಾ ಕೂತ ಬೇಸ್ ವಾದಕ ಎರಡನೇ ಸಾಲಿಗೇ ಸಿಕ್ಕಿಬೀಳುತ್ತಾನೆ. ಅಂದಿನ ಹುಡುಗ ಎಣಿಕೆ ಬಿಟ್ಟು ಹಾಡುಗಾರ್ತಿಯ ಬಾಯಿ ನೋಡುತ್ತಾ ಒಂದೇ ಸ್ವರದ ಮೇಲೆ ನಿಂತ. ಗಿಟಾರ್ ಅರ್ಧ ಹಾಡು ಸುಮ್ಮನಿತ್ತು. ಆ ಸಂಜೆಯ ಅತ್ಯುತ್ತಮ ಭಾಗ ನನ್ನ ಪ್ರಕಾರ ಅದೇ, ಪ್ಲಾಸ್ಟಿಕ್ ಕುರ್ಚಿಯವರೆಲ್ಲ ಎದ್ದು ನಿಂತದ್ದೂ ಆಗಲೇ.

ಸದ್ದಿನ ವಿಚಾರದಲ್ಲಿ ಮೊದಲ ಪಾಠ ಕ್ರಮದ್ದು. ಕೊನೆಗೆ ನುಡಿಸುವ ತಂಡ ಮೊದಲು ಸೌಂಡ್ ಚೆಕ್ (ಕಾರ್ಯಕ್ರಮಕ್ಕೆ ಮುಂಚಿನ ಸದ್ದಿನ ಪರೀಕ್ಷೆ) ಮಾಡಬೇಕು, ಮೊದಲು ನುಡಿಸುವ ತಂಡ ಕೊನೆಗೆ. ಆಗ ಮೊದಲ ತಂಡದ ಮೈಕು, ವಯರುಗಳು ಇದ್ದಲ್ಲೇ ಇರುತ್ತವೆ. ಹಲಸಿನ ಮರದ ಚೆಂಡೆಗೆ ಇಂತಹ ಬಯಲಿನಲ್ಲಿ ಮೈಕ್ ಬೇಕಾಗುವುದು ಹಿಂದಿನ ಸಾಲಿನವರಿಗೆ ಮಾತ್ರ. ಜೋರು ಸದ್ದು ತಾಳುವ ಡೈನಮಿಕ್ ಮೈಕ್ ಸಾಕು, ಚರ್ಮದಿಂದ ಒಂದೂವರೆ ಅಡಿ ದೂರ, ಮಿಕ್ಸರಿನಲ್ಲಿ ಸದ್ದು ತಗ್ಗಿಸುವ 20 ಡೆಸಿಬೆಲ್ ಪ್ಯಾಡ್. ಹತ್ತಿರ ಇಟ್ಟರೆ ಸದ್ದು ಒಡೆದು ಡಬ್ಬ ಬಡಿದಂತಾಗುತ್ತದೆ. ಅದಕ್ಕಿಂತ ಮುಖ್ಯ, ಚೆಂಡೆಯ ಸದ್ದು ಗಾಯಕನ ಮೈಕಿಗೆ ನುಗ್ಗದ ಹಾಗೆ ನೋಡುವುದು. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಕಡೆಯಿಂದ ಕಿವಿ ಕೇಳದು. ಚೆಂಡೆ ಆ ಬೆನ್ನಿನ ದಿಕ್ಕಿಗೆ ಬರುವಂತೆ ಬದಿಗೆ ನಿಲ್ಲಿಸಬೇಕು. ಮಂಗಲಂಕಳಿಯಲ್ಲಿ ಹಾಡುತ್ತಾ ಸುತ್ತು ಕುಣಿಯುವವರಿಗೆ ಸ್ಟ್ಯಾಂಡ್ ಮೈಕ್ ಒಗ್ಗದು. ಮುಖ್ಯ ಹಾಡುಗಾರ್ತಿಯರಿಬ್ಬರನ್ನು ತುಡಿಯವರ ಜೊತೆ ನಡುವೆ ನಿಲ್ಲಿಸಿ ಕೈಮೈಕ್ ಕೊಟ್ಟರು. ಉಳಿದವರ ದನಿ ಬಂದಷ್ಟು ಬಂತು.

ಗಿಟಾರಿನ ಚಾನೆಲಿನಲ್ಲಿ ಮಧ್ಯಾಹ್ನದಿಂದ ಗುಂಯ್ ಎನ್ನುವ ಸದ್ದು. 50 ಹರ್ಟ್ಸ್ ಕರೆಂಟಿನ ಗುಂಯ್‌ಗೆ ಇಂತಹ ಜಾಗದಲ್ಲಿ ಮೊದಲು ಶಂಕಿಸಬೇಕಾದದ್ದು ನೆಲವನ್ನು. ಮಕರದ ಹೊತ್ತಿಗೆ ಮುರಕಲ್ಲು ಒಣಗಿ ಕೊರಡಾಗಿರುತ್ತದೆ, ಜನರೇಟರಿನ ಅರ್ಥಿಂಗ್ ಸಲಾಕೆ ಒಂದು ಅಡಿಯೂ ಇಳಿಯುವುದಿಲ್ಲ. ತಗ್ಗಿನಲ್ಲಿ ಮಣ್ಣಿರುವ ಜಾಗ ಹುಡುಕಿ ಸಲಾಕೆ ಹುಗಿದು, ಉಪ್ಪು ಬೆರೆಸಿದ ನೀರು ಸುರಿದರು. ದೀಪಗಳನ್ನು ಬೇರೆ ಫೇಸಿಗೆ ಹಾಕಿದರು. ಗಿಟಾರನ್ನು ಮಿಕ್ಸರಿಗೆ ಜೋಡಿಸುವ ಡಿಐ ಪೆಟ್ಟಿಗೆಯಲ್ಲಿ, ಸದ್ದಿನ ವಯರಿನ ಅರ್ಥ್ ಸಂಪರ್ಕ ಮಾತ್ರ ಕಡಿಯುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರು. ಗುಂಯ್ ನಿಂತಿತು. ಪ್ಲಗ್ಗಿನ ಅರ್ಥ್ ಪಿನ್ ಮುರಿದರೂ ಗುಂಯ್ ನಿಲ್ಲುತ್ತದೆ, ಹಾಗೆ ಮಾಡುವವರೂ ಇದ್ದಾರೆ. ಆಮೇಲೆ ಆಂಪ್ಲಿಫೈಯರಿನಲ್ಲಿ ಏನಾದರೂ ಕೆಟ್ಟರೆ ತಂತಿ ಹಿಡಿದ ಕೈಯಿಂದ ಮೈಕಿಗೆ ತಾಗಿದ ತುಟಿಗೆ ಕರೆಂಟು ಹರಿಯುತ್ತದೆ.

ಸಮಯದ ಲೆಕ್ಕ ಸುಲಭ, ಪಾಲನೆ ಕಷ್ಟ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. 6.30ಕ್ಕೆ ಶುರು, ತಂಡಕ್ಕೆ 45 ನಿಮಿಷ, ನಡುವಿನ ಎರಡು ಬದಲಾವಣೆಗೆ 20 ನಿಮಿಷದ ಹಾಗೆ ಹಿಡಿದರೆ 9.25ಕ್ಕೆ ಮುಗಿಯಬೇಕು. ಉಳಿದ 35 ನಿಮಿಷವನ್ನೂ ಅದಕ್ಕಿಂತ ಹೆಚ್ಚನ್ನೂ ದೀಪ ಬೆಳಗುವಿಕೆ, ಶಾಲು, ಮೂರು ಭಾಷೆಯಲ್ಲಿ ಒಂದೇ ಸ್ವಾಗತ ಭಾಷಣ ತಿಂದವು. ಕೊನೆಯ ತಂಡದ ಎರಡು ಹಾಡುಗಳಿಗೆ ಕತ್ತರಿ ಬಿತ್ತು. ಏಳು ಭಾಷೆಯ ಊರೆಂದು ಹೆಮ್ಮೆ ಪಡುವುದು ಸರಿಯೇ, ಅದಕ್ಕೆ ತುಡಿಯವರ ಪಾಲಿನ ಸಮಯ ಕೊಡಬೇಕೇ?

ಧ್ವನಿಮುದ್ರಣದ ಬಗ್ಗೆ ಒಂದು ಮಾತು. ಸ್ವತಂತ್ರ ತಂಡಗಳಿಗೆ ಮುಂದಿನ ಕಾರ್ಯಕ್ರಮ ತರುವುದು ಹಿಂದಿನದರ ವಿಡಿಯೋ. ಹೆಚ್ಚಿನವರು ಮಿಕ್ಸರಿನಿಂದ ನೇರ ಆಡಿಯೋ ತೆಗೆದುಕೊಂಡು ಹೋಗುತ್ತಾರೆ, ಮರುದಿನ ಕೇಳಿದರೆ ಅದರಲ್ಲಿ ಚೆಂಡೆಯೇ ಇರುವುದಿಲ್ಲ. ಬಯಲಿಗೆ ತಾನಾಗಿಯೇ ಕೇಳುವ ವಾದ್ಯದ ಫೇಡರನ್ನು (ಮಿಕ್ಸರಿನಲ್ಲಿ ಸದ್ದು ಏರಿಸುವ ಗುಂಡಿಯನ್ನು) ಸೌಂಡಿನವರು ಮೇಲೆತ್ತಿರುವುದೇ ಇಲ್ಲವಲ್ಲ. ಮಿಕ್ಸರ್ ಮೇಜಿನ ಬಳಿ ಇನ್ನೆರಡು ಮೈಕ್ ನಿಲ್ಲಿಸಿ, ಅಲ್ಲಿಗೆ ಬರುವ ಸದ್ದನ್ನು ಬೇರೆಯೇ ಟ್ರ್ಯಾಕಿನಲ್ಲಿ ಹಿಡಿಯಬೇಕು. ಮೇಜು ವೇದಿಕೆಯಿಂದ 17 ಮೀಟರ್ ದೂರವಿದ್ದರೆ ಆ ಸದ್ದು ಸುಮಾರು 50 ಮಿಲಿಸೆಕೆಂಡ್ ತಡವಾಗಿ ಬಂದಿರುತ್ತದೆ. ಎಡಿಟ್ ಮಾಡುವಾಗ ಅಷ್ಟು ಹಿಂದಕ್ಕೆ ಎಳೆದು ಮಿಕ್ಸರಿನ ಟ್ರ್ಯಾಕಿಗೆ ಸೇರಿಸಬೇಕು. ಹಾಡಿನ ವಿವರದಲ್ಲಿ ‘ಸಂಗೀತ’ ಎಂಬಲ್ಲಿ ತಂಡದ ಹೆಸರು ಹಾಕದೆ ‘ಸಾಂಪ್ರದಾಯಿಕ’ ಎಂದೂ, ಯಾವ ಸಮುದಾಯದ, ಯಾರಿಂದ ಕಲಿತ ಹಾಡು ಎಂದೂ ಬರೆಯಬೇಕು. ಮೂರನೇ ತಂಡದವರು ಅದನ್ನು ವೇದಿಕೆಯ ಮೇಲೇ ಹೇಳಿದರು, ಉಳಿದ ಎರಡು ತಂಡದವರು ಹೇಳಲಿಲ್ಲ.