ರುಜು ಕಲಿತ ಅತ್ತೆ, ಹೆಬ್ಬೆಟ್ಟು ಕೇಳುವ ಮೆಷಿನ್ನು

ಮಂಡ್ಯದಲ್ಲಿ ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಜೆರಾಕ್ಸ್, ಹೊಟ್ಟೆ ತುಂಬಿಸುವುದು ಅರ್ಜಿ. ಜಾತಿ ಆದಾಯ, ವಿಧವಾ ವೇತನ, ಸಂಧ್ಯಾ ಸುರಕ್ಷಾ, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ತೆಗೆಸುವುದು. ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಮೆಟ್ಟಿಲ ಮೇಲೆ ನಾಲ್ಕು ಜನ ಪ್ಲಾಸ್ಟಿಕ್ ಕವರ್ ತೊಡೆ ಮೇಲಿಟ್ಟುಕೊಂಡು ಕೂತಿರುತ್ತಾರೆ. ಆ ಕವರಿನೊಳಗೆ ಮನೆ ಮಂದಿಯ ಜಾತಕವೇ ಇರುತ್ತದೆ. ಆಧಾರ್, ಪಾಸ್‌ಬುಕ್, ಪಹಣಿ, ಯಾವ ಕಾಲದ್ದೋ ಲೈಟ್ ಬಿಲ್ಲು. "ಆಧಾರ್‌ಗೆ ಮೊಬೈಲ್ ಲಿಂಕ್ ಆಗಿದೆಯಾ?" ಅಂತ ದಿನಕ್ಕೆ ಇಪ್ಪತ್ತು ಸಲ ಕೇಳುತ್ತೇನೆ. ನಮ್ಮ ಮನೆಯವರನ್ನು ಮಾತ್ರ ಕೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗೆ.

ನಮ್ಮ ಅತ್ತೆ ಪಾಂಡವಪುರದ ಕಡೆ ಊರಲ್ಲಿ ಮೈದುನನ ಜೊತೆ ಇದ್ದಾರೆ. ಅರವತ್ತಾರು ವರ್ಷ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಕೊಟ್ಟಿಗೆಯಿಂದ ಜಗಲಿಗೆ ಬರುವಷ್ಟರಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಳ್ಳುವ ಹಾಗಾಯಿತು. ಕೇಳಿದರೆ "ಗ್ಯಾಸು ಕಣವ್ವ, ಬೇಳೆ ಸಾರು ತಿಂದ್ಬುಟ್ಟೆ" ಅಂದರು. ನಮ್ಮ ಕಡೆ ಎದೆ ನೋವು ಬಂದವರೆಲ್ಲ ಮೊದಲು ಗ್ಯಾಸ್ ಅಂತಲೇ ಹೇಳುವುದು. ಸೋಡಾ ಕುಡಿಸಿದ್ದೂ ಆಯಿತು. ಕೊನೆಗೆ ನಾನೇ ಹೋಗಿ ಕರೆದುಕೊಂಡು ಬಂದೆ. ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ಇಸಿಜಿ, ಎಕೋ ಮಾಡಿ ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನಲ್ಲಿ ಆಂಜಿಯೋಗ್ರಾಮ್. ಒಂದು ರಕ್ತನಾಳ ಹೆಚ್ಚುಕಮ್ಮಿ ಮುಚ್ಚಿದೆ, ಸ್ಟೆಂಟ್ ಹಾಕಬೇಕು. "ಇವತ್ತೇ ಆಗಬೇಕು ಅಂತಲ್ಲ, ಆದರೆ ತಿಂಗಳು ದಾಟಿಸಬೇಡಿ" ಅಂದರು ಡಾಕ್ಟರು.

ನಾನು ಹೆದರಲಿಲ್ಲ. ಬಿಪಿಎಲ್ ಕಾರ್ಡಿದೆಯಲ್ಲ ಅನ್ನುವ ಧೈರ್ಯ.

ಆ ಕಾರ್ಡಿನ ಮೇಲೆ ಚಿಕಿತ್ಸೆ ಸಿಗುವ ಯೋಜನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಂತ ಉದ್ದನೆಯ ಹೆಸರು. 2018ರಲ್ಲಿ ಕೇಂದ್ರದ್ದನ್ನೂ ರಾಜ್ಯದ್ದನ್ನೂ ಸೇರಿಸಿ ಒಂದು ಮಾಡಿದ್ದು. ಬಿಪಿಎಲ್ ಕಾರ್ಡಿದ್ದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ 30 ಪರ್ಸೆಂಟ್ ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷ ದಾಟುವ ಹಾಗಿಲ್ಲ. ನಮಗೆ ಇಷ್ಟ ಬಂದ ಖಾಸಗಿ ಆಸ್ಪತ್ರೆಗೆ ಹೋಗಿ ಮಲಗುವ ಹಾಗೂ ಇಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗುವುದಿಲ್ಲ ಅಂದರೆ ಅವರೇ ರೆಫರಲ್ ಕೊಡುತ್ತಾರೆ. ಜೀವ ಹೋಗುವಂಥ ಎಮರ್ಜೆನ್ಸಿಯಾದರೆ ಮಾತ್ರ ಈ ಸುತ್ತಾಟ ಬೇಕಿಲ್ಲ. ಇಷ್ಟನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೀನೋ ಲೆಕ್ಕವಿಲ್ಲ. ನನ್ನ ಅಂಗಡಿಗೆ ಬರುವ ಅರ್ಧ ಜನ ಹೇಳುವುದೂ ಅದೇ: "ಅಕ್ಕಿ ಇರಲಿ ಬಿಡಿ ಅಕ್ಕ, ಕಾರ್ಡು ಆಸ್ಪತ್ರೆಗೆ ಬೇಕು."

ಆಸ್ಪತ್ರೆಯ ಕೌಂಟರಿನಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರ ಅಂತ ಒಬ್ಬ ಹುಡುಗ ಕೂತಿದ್ದ. ಒಳ್ಳೆಯ ಹುಡುಗ. ಆಧಾರ್ ನಂಬರ್ ಹೊಡೆದು ಬೆರಳಿಡುವ ಮೆಷಿನ್ ಮುಂದಕ್ಕೆ ತಳ್ಳಿದ. ಅತ್ತೆ ಹೆಬ್ಬೆಟ್ಟು ಒತ್ತಿದರು. ಆಗಲಿಲ್ಲ. ಸೆರಗಲ್ಲಿ ಒರೆಸಿ ಒತ್ತಿದರು. ಆಗಲಿಲ್ಲ. "ತಲೆಗೂದಲಿಗೆ ಒಂದ್ಸಲ ಒರೆಸಿಕೊಳ್ಳಿ ಅಮ್ಮ" ಅಂದ. ಕೂದಲಿನ ಎಣ್ಣೆ ತಾಗಿದರೆ ಗೆರೆ ಕಾಣುತ್ತದೆ ಅಂತ ಎಲ್ಲ ಕಡೆ ಮಾಡುವ ಉಪಾಯ ಅದು. ಅದಕ್ಕೂ ಬಗ್ಗಲಿಲ್ಲ. ಹತ್ತು ಬೆರಳೂ ಮುಗಿದವು. ಐವತ್ತು ವರ್ಷ ನಾಟಿ ಹಾಕಿ, ಕಬ್ಬಿನ ಸೋಗೆ ಎಳೆದು, ಬೂದಿಯಲ್ಲಿ ಪಾತ್ರೆ ತಿಕ್ಕಿದ ಕೈ. ನಾನೇ ಹಿಡಿದು ನೋಡಿದೆ. ಬೆರಳ ತುದಿ ಹೊಳೆಕಲ್ಲಿನ ಹಾಗೆ ನುಣ್ಣಗಾಗಿತ್ತು.

ಹಾಗಾದರೆ ಓಟಿಪಿ ಅಂದೆ. ಅದು ಹೋಗಿದ್ದು ನಮ್ಮ ಮಾವನ ನಂಬರಿಗೆ. ಮಾವ ತೀರಿಕೊಂಡು ಐದು ವರ್ಷ. ಸಿಮ್ಮು ಅವರ ಹಿಂದೆಯೇ ಹೋಯಿತು.

ಅತ್ತೆಗೆ ಏನು ತೊಂದರೆ ಅಂತ ಅರ್ಥವಾಗಲಿಲ್ಲ. "ರುಜು ಆಕ್ತೀನಿ ಕೊಡಪ್ಪ" ಅಂದರು.

"ರುಜು ನಡೆಯಲ್ಲ ಅಮ್ಮ, ಹೆಬ್ಬೆಟ್ಟೇ ಬೇಕು."

ಆ ಮಾತಿಗೆ ಅತ್ತೆ ಮುಖ ಸಣ್ಣದು ಮಾಡಿಕೊಂಡರು. ಯಾಕೆ ಅಂತ ಹೇಳಬೇಕು. ತೊಂಬತ್ತರ ದಶಕದಲ್ಲಿ ಊರೂರಲ್ಲಿ ದೊಡ್ಡವರಿಗೆ ರಾತ್ರಿ ಹೊತ್ತು ಅಕ್ಷರ ಕಲಿಸುತ್ತಿದ್ದರು, ನೆನಪಿದೆಯಾ? ಅತ್ತೆ ಮುದ್ದೆ ತಿರುವಿಟ್ಟು, ನನ್ನ ಗಂಡನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಕಲಿತರಂತೆ. ಓದುವುದು ಆಮೇಲೆ ಮರೆತುಹೋಯಿತು. ರುಜು ಉಳಿಯಿತು. ಸಂಘದ ಪುಸ್ತಕದಲ್ಲಿ ಉಳಿದ ಹೆಂಗಸರೆಲ್ಲ ನೀಲಿ ಹೆಬ್ಬೆಟ್ಟು ಒತ್ತುವಾಗ ಇವರೊಬ್ಬರು ಪೆನ್ ಹಿಡಿಯುತ್ತಿದ್ದರು. ಈಗಲೂ ಹಾಗೇ. ಪೂರ್ತಿ ಹೆಸರು ಬರೆದು, ಕೊನೆಗೆ ಹಿಂದಕ್ಕೆ ಬಂದು ಒತ್ತಕ್ಷರ ಹಾಕುತ್ತಾರೆ, ಕಾಲಿಗೆ ಉಂಗುರ ತೊಡಿಸಿದ ಹಾಗೆ. ಹೊರಗೆ ಬಂದ ಮೇಲೆ ಒಂದೇ ಮಾತು ಅಂದರು: "ಎಬ್ಬೆಟ್ಟು ಬುಡುಸ್ಬೇಕು ಅಂತ ಅಲ್ವೇನವ್ವ ಆವತ್ತು ಅಷ್ಟೊಂದ್ ಕಲ್ಸಿದ್ದು?"

ನಾನು ಬಸ್ಸಲ್ಲಿ ಕೂತು ಯೋಚನೆ ಮಾಡಿದ್ದು ಬೇರೆ. ಇವರ ಬೆರಳು ಹತ್ತುವುದಿಲ್ಲ ಅಂದರೆ ತಿಂಗಳು ತಿಂಗಳು ರೇಷನ್ ಹೇಗೆ ಬರುತ್ತಿದೆ? ಮೈದುನನಿಗೆ ಫೋನ್ ಮಾಡಿದೆ. "ನಾನೇ ತಂಬ್ ಕೊಡ್ತೀನಲ್ಲ ಅತ್ಗೆ" ಅಂದ. ಅಷ್ಟೇ ವಿಷಯ. ಕಾರ್ಡಿನಲ್ಲಿರುವ ಯಾರಾದರೂ ಒಬ್ಬರು ಬೆರಳು ಕೊಟ್ಟರೆ ಸಾಕು, ಮನೆ ಮಂದಿಗೆಲ್ಲ ಬರುತ್ತದೆ. ಆಗ ನಾಲ್ಕು ಜನಕ್ಕೆ ತಲಾ ಹತ್ತು ಕೆಜಿ ಬರುತ್ತಿತ್ತು. ಎರಡು ಚೀಲ ಟಿವಿಎಸ್ ಎಕ್ಸೆಲ್ ಮೇಲೆ ಹೇರಿಕೊಂಡು ಅವನು ಬರುತ್ತಿದ್ದ. ಅತ್ತೆಯ ಇ-ಕೆವೈಸಿ, ಅಂದರೆ ರೇಷನ್ ಕಾರ್ಡಿನ ಹೆಸರಿಗೆ ಆಧಾರ್ ತಾಳೆ ನೋಡುವುದು, ಆಗಿಲ್ಲ ಅಂತ ಸೊಸೈಟಿಯವರು ಎರಡು ಸಲ ಹೇಳಿದ್ದರಂತೆ. "ಅಕ್ಕಿ ಬತ್ತಾ ಇತ್ತಲ್ಲ, ಅದ್ಕೆ ಸುಮ್ನಾದೆ." ಬಯ್ಯಬೇಕು ಅನಿಸಿತು. ಆದರೆ ಮನೆಯಲ್ಲಿ ಅರ್ಜಿ ಬರೆಯುವವಳು ನಾನು. ಯಾರನ್ನು ಬಯ್ಯಲಿ?

ಬಯ್ದಿದ್ದು ಇನ್ನೊಂದಕ್ಕೆ. ಅದೇ ಹೊತ್ತಿಗೆ ಅವನು ಸೆಕೆಂಡ್ ಹ್ಯಾಂಡ್ ಕಾರು ನೋಡಲು ಶ್ರೀರಂಗಪಟ್ಟಣ, ಮೈಸೂರು ಅಂತ ಓಡಾಡುತ್ತಿದ್ದ. ವೈಟ್ ಬೋರ್ಡ್ ಕಾರು ಕಾರ್ಡಿನಲ್ಲಿರುವ ಒಬ್ಬರ ಹೆಸರಿಗೆ ಬಂದರೂ ಬಿಪಿಎಲ್ ಹೋಗುತ್ತದೆ. ದುಡಿಮೆಗೆ ಓಡಿಸುವ ಒಂದು ಟ್ಯಾಕ್ಸಿಯೋ ಟ್ರ್ಯಾಕ್ಟರೋ ಆದರೆ ಪರವಾಗಿಲ್ಲ. "ನನ್ ಕಾರ್ಗೂ ಅವ್ವನ್ ಎದೆಗೂ ಏನ್ ಸಂಬಂಧ?" ಅಂತ ಕೇಳಿದ. ಒಂದೇ ಕಾರ್ಡಿನಲ್ಲಿರುವುದೇ ಸಂಬಂಧ ಅಂದೆ. ಎರಡು ದಿನ ಮಾತಾಡಲಿಲ್ಲ, ಆಮೇಲೆ ಅಡ್ವಾನ್ಸ್ ವಾಪಸ್ ಇಸ್ಕೊಂಡ.

ಅವನದ್ದೂ ತಪ್ಪಿಲ್ಲ ಬಿಡಿ. ವರ್ಷಕ್ಕೆ 1.2 ಲಕ್ಷ ಆದಾಯ ದಾಟಬಾರದು ಅನ್ನುವ ಮಿತಿ ಇದೆಯಲ್ಲ, ಅಂದರೆ ತಿಂಗಳಿಗೆ ಹತ್ತು ಸಾವಿರ. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋದರೆ ಇವತ್ತು ಅದು ದಾಟದೇ ಇರುತ್ತದಾ? ಎಲ್ಲರೂ ಆದಾಯ ಕಮ್ಮಿ ಬರೆಸುತ್ತಾರೆ. ಬರೆಸದಿದ್ದರೆ ಆಸ್ಪತ್ರೆ ಬಾಗಿಲು ಮುಚ್ಚುತ್ತದೆ. ಹೊಸ ಕಾರ್ಡಿನ ಕಥೆಯಂತೂ ಕೇಳಲೇಬೇಡಿ. "ಸೈಟ್ ಓಪನ್ ಆಗಿದೆಯಂತೆ" ಅಂತ ವಾಟ್ಸಾಪಲ್ಲಿ ಬಂದರೆ ಸಾಕು, ನನ್ನ ಅಂಗಡಿ ಮುಂದೆ ಜಾತ್ರೆ. ಎರಡು ಅರ್ಜಿ ಹೋಗುವಷ್ಟರಲ್ಲಿ ಸರ್ವರ್ ನಿಲ್ಲುತ್ತದೆ. ಉಳಿದವರಿಗೆ ಟೀ ಕುಡಿಸಿ ಕಳಿಸುತ್ತೇನೆ.

ಮಾರನೇ ದಿನವೇ ಅತ್ತೆಯನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಬೆರಳು, ಕಣ್ಣು, ಫೋಟೋ ಎಲ್ಲ ಹೊಸದಾಗಿ ತೆಗೆಸಿ, ಮೊಬೈಲ್ ನಂಬರು ನನ್ನದು ಹಾಕಿಸುವುದು ಅಂತ. ಟೋಕನ್ ಮೂವತ್ತೇಳು. ಮಧ್ಯಾಹ್ನ ಊಟದ ಹೊತ್ತು ದಾಟಿತು. ಕಣ್ಣಿಗೆ ಹಿಡಿಯುವ ಬೈನಾಕ್ಯುಲರ್ ಥರದ್ದನ್ನು ನೋಡಿ ಅತ್ತೆ ಮತ್ತೆ ಗಾಬರಿಯಾದರು. ಅಲ್ಲಿದ್ದ ಹುಡುಗಿ "ಅಜ್ಜಿ, ಸೊಸೇನ ದುರುಗುಟ್ಟಿ ನೋಡ್ತೀರಲ್ಲ, ಹಂಗೆ ನೋಡಿ" ಅಂದಳು. ನೋಡಿದರು. ಕಣ್ಣು ಒಂದೇ ಸಲಕ್ಕೆ ಬಂತು. ಬೆರಳಿಗೆ ಒದ್ದೆ ಬಟ್ಟೆ, ಒಣ ಬಟ್ಟೆ, ಮತ್ತೆ ಒದ್ದೆ ಬಟ್ಟೆ. ನಾಲ್ಕು ಬೆರಳು ಒಪ್ಪಿಕೊಂಡಿತು.

ಆಮೇಲೆ ಕಾಯುವುದು. ಆ ದಿನಗಳು ಚೆನ್ನಾಗಿರಲಿಲ್ಲ. ನನ್ನ ಗಂಡ ಒಂದು ಖಾಸಗಿ ಕಡೆ ವಿಚಾರಿಸಿಕೊಂಡು ಬಂದರು. ಅವರು ಹೇಳಿದ ಮೊತ್ತಕ್ಕೆ ಕೊಟ್ಟಿಗೆಯಲ್ಲಿದ್ದ ಎರಡು ಹಸುವನ್ನೂ ಮಾರಿ, ಮೇಲೆ ಚೀಟಿ ಕೂಗಬೇಕಿತ್ತು. ಹಸು ಅಂದಾಗ ಯಶಸ್ವಿನಿ ನೆನಪಾಯಿತು, ಸಹಕಾರ ಸಂಘದ ಸದಸ್ಯರಿಗೆ ಇರುವ ಆರೋಗ್ಯ ಯೋಜನೆ. ಡೈರಿಗೆ ಹಾಲು ಹಾಕುವವರು ನಾವು. ಹಳ್ಳಿಯವರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಅದರಲ್ಲೂ 5 ಲಕ್ಷದವರೆಗೆ ಇದೆ. ಸಂಘದ ಸೆಕ್ರೆಟರಿ ಕರೆದು ಕರೆದು ಹೇಳಿದಾಗ "ಬಿಪಿಎಲ್ ಇದೆಯಲ್ಲ, ಯಾಕೆ ಸುಮ್ನೆ" ಅಂದಿದ್ದು ಬೇರೆ ಯಾರೂ ಅಲ್ಲ, ನಾನೇ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಫೋನು ಟಿಣ್ ಅಂದರೆ ಎದ್ದು ನೋಡುವುದು. ಲೋನ್ ಬೇಕಾ ಅಂತ ಮೆಸೇಜು.

ಒಂಬತ್ತನೇ ದಿನ ಆಧಾರ್ ಅಪ್‌ಡೇಟ್ ಆಗಿದೆ ಅಂತ ಬಂತು. ಅವತ್ತೇ ಊರಿನ ಸೊಸೈಟಿಗೆ ಹೋಗಿ ಇ-ಕೆವೈಸಿ ಮುಗಿಸಿ, ಮಾರನೇ ಬೆಳಗ್ಗೆ ಮೊದಲ ಬಸ್ಸಿಗೆ ಮೈಸೂರು. ಅದೇ ಕೌಂಟರು, ಅದೇ ಹುಡುಗ. ಈ ಸಲ ಓಟಿಪಿ ನನ್ನ ಕೈಯಲ್ಲೇ ಇತ್ತು. ಆಯುಷ್ಮಾನ್ ಕಾರ್ಡು ಬಂತು, ಫೋಟೋದಲ್ಲಿ ಅತ್ತೆ ಇನ್ನೂ ದುರುಗುಟ್ಟುತ್ತಿದ್ದರು. ಅನುಮತಿ ಬಂದ ಮೇಲೆ ಅಡ್ಮಿಟ್ ಮಾಡಿಕೊಂಡರು. ಸ್ಟೆಂಟ್ ಹಾಕಿದ್ದು ಮಣಿಕಟ್ಟಿನ ಹತ್ತಿರದಿಂದ. ಎದೆ ಕುಯ್ಯುತ್ತಾರೆ ಅಂತ ದೇವರಿಗೆ ಹರಕೆ ಹೊತ್ತಿದ್ದ ಅತ್ತೆಗೆ ಸ್ವಲ್ಪ ನಿರಾಸೆಯೇ ಆಯಿತೇನೋ, "ಇಷ್ಟೇಯಾ?" ಅಂದರು.

ಅದಕ್ಕೆ ಮುಂಚೆ ಒಪ್ಪಿಗೆ ಪತ್ರ ಬಂದಿತ್ತು. ನರ್ಸಮ್ಮ ಅತ್ತೆಯ ಬಿಳಿ ಕೂದಲು ನೋಡಿ ಇಂಕ್ ಪ್ಯಾಡ್ ತೆಗೆದರು. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನಿಗೆ ಕೈ ಚಾಚಿದರು. ಡ್ರಿಪ್ ಹಾಕಿದ ಕೈ, ಮಲಗಿಕೊಂಡೇ ಬರೆಯಬೇಕು. ನರ್ಸಮ್ಮನಿಗೆ ಇನ್ನೂ ಆರು ಬೆಡ್ ಇತ್ತು, ಗಡಿಯಾರ ನೋಡಿದರು. ಅತ್ತೆ ಪೂರ್ತಿ ಹೆಸರು ಬರೆದು, ಹಿಂದಕ್ಕೆ ಬಂದು ಒತ್ತು ಹಾಕುವವರೆಗೂ ಪೆನ್ ಬಿಡಲಿಲ್ಲ.

ಸ್ಟೆಂಟಿಗೆ, ಆಸ್ಪತ್ರೆಗೆ ನಮ್ಮ ಕೈಯಿಂದ ಏನೂ ಹೋಗಲಿಲ್ಲ. ಹೋಗಿದ್ದು ಓಡಾಟಕ್ಕೆ, ಹೋಟೆಲಿಗೆ, ಅಂಗಡಿ ಮುಚ್ಚಿದ ದಿನಗಳಿಗೆ. ಮನೆಗೆ ಬರುವಾಗ ಕೊಟ್ಟ ಮಾತ್ರೆ ಮುಗಿದ ಮೇಲೆ ತಿಂಗಳು ತಿಂಗಳು ನಾವೇ ತರಬೇಕು. ಜನೌಷಧಿಯಲ್ಲಿ ತರುತ್ತೇನೆ, ಬಹಳ ಕಮ್ಮಿ ಬೀಳುತ್ತದೆ. ಯಶಸ್ವಿನಿ ಈ ಸಲ ಮಾಡಿಸಿದ್ದೇವೆ.

ಈಗ ರೇಷನ್ ತರಲು ಅತ್ತೆಯೇ ಹೋಗುತ್ತಾರೆ, ಮೈದುನ ಎಕ್ಸೆಲ್ ಹಿಡಿದುಕೊಂಡು ಹೊರಗೆ ನಿಂತಿರುತ್ತಾನೆ. ಹೋದ ತಿಂಗಳು ನಾನೂ ಊರಲ್ಲಿದ್ದೆ. ಬೆರಳು ಮೂರನೇ ಸಲಕ್ಕೆ ಹತ್ತಿತು. ಮನೆಗೆ ಬಂದು ಅಕ್ಕಿ ಮೊರಕ್ಕೆ ಸುರಿದುಕೊಂಡು ಜಗಲಿ ಮೇಲೆ ಕೂತರು. ಆ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಸ್ವಲ್ಪ ಹಳದಿ ಬಣ್ಣದ, ನೀರಿಗೆ ಹಾಕಿದರೆ ತೇಲುವ ಕಾಳು ಇತ್ತಲ್ಲ, ಊರಲ್ಲೆಲ್ಲ ಪ್ಲಾಸ್ಟಿಕ್ ಅಕ್ಕಿ ಅಂತ ಹೇಳುವುದು, ಅದನ್ನು ಒಂದೊಂದಾಗಿ ಆರಿಸಿ ಅಂಗಳಕ್ಕೆ ಎಸೆಯುತ್ತಿದ್ದರು. ಪ್ಲಾಸ್ಟಿಕ್ ಅಲ್ಲ ಅತ್ತೆ, ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ್ದು, ರಕ್ತಕ್ಕೆ ಒಳ್ಳೆಯದು ಅಂತ ಮತ್ತೊಂದು ಸಲ ಹೇಳಿದೆ. "ಒಳ್ಳೇದಾಗಿದ್ರೆ ಯಾಕವ್ವ ತೇಲ್ತದೆ?" ಅಂದರು, ಕೈ ನಿಲ್ಲಿಸದೆ.

ಅಂಗಳದಲ್ಲಿ ಕೋಳಿಗಳು ಒಂದು ಕಾಳೂ ಬಿಡದೆ ಹೆಕ್ಕುತ್ತಿದ್ದವು. ನೋಡಲು ಒಳ್ಳೆ ಪುಷ್ಟಿಯಾಗಿವೆ.