ಹನಿ ಮೇಲೆ ಒಂದು ಕಣ್ಣು

ಬೆಳಿಗ್ಗೆ ಗೂಡಿಗೆ ನೀರು ಸಿಂಪಡಿಸಿದೆ. ನಮ್ಮ ಊಸರವಳ್ಳಿ ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಎಲೆ ತುದಿಯ ಹನಿ ಮೇಲೆ ಇಟ್ಟು ಕೂತಿತ್ತು. ಆಮೇಲೆ ನಿಧಾನಕ್ಕೆ ಬಂದು ನೆಕ್ಕಿತು. ಬಟ್ಟಲಲ್ಲಿ ನೀರಿಟ್ಟರೆ ತಿರುಗಿಯೂ ನೋಡುವುದಿಲ್ಲ, ಮಹಾರಾಜ!

ದೀಪದ ಕೆಳಗಿನ ಕೊಂಬೆಯಲ್ಲಿ 30 ಡಿಗ್ರಿ ಆಸುಪಾಸು. ಕೆಳಗೆ ಎಲೆಗಳ ಮರೆಯಲ್ಲಿ ತಂಪು. ಎರಡೂ ಬೇಕು, ಎಲ್ಲಿ ಕೂರಬೇಕು ಅನ್ನೋದು ಅದರ ಇಷ್ಟ.

ತೇವ ಒಳ್ಳೆಯದು ಅಂತ ದಿನವಿಡೀ ಒದ್ದೆ ಇಟ್ಟರೆ ಬೂಷ್ಟು ಹಿಡಿಯುತ್ತೆ, ಉಸಿರಾಟದ ಸೋಂಕೂ ಬರಬಹುದು. ಹಗಲು ಎಲೆ ಒಣಗಬೇಕು. ರಾತ್ರಿ ಗೂಡು ತಣ್ಣಗಾಗಿ ತೇವ ಏರಬೇಕು. ಅದಕ್ಕೇ ನನಗೆ ಗಾಜಿನ ಪೆಟ್ಟಿಗೆಗಿಂತ ಜಾಲರಿ ಗೂಡೇ ಇಷ್ಟ, ಗಾಳಿ ಚೆನ್ನಾಗಿ ಆಡುತ್ತೆ.

ನನ್ನ ರೂಮಿನ ಹವೆ ಬಗ್ಗೆ ಯಾವತ್ತೂ ಇಷ್ಟು ತಲೆ ಕೆಡಿಸಿಕೊಂಡಿಲ್ಲ. ಈಗ ಫ್ಯಾನ್ ಹಾಕೋಕೂ ಗೂಡಿನ ಬಿಸಿ, ತೇವ ತೋರಿಸೋ ಮೀಟರ್ ನೋಡುತ್ತೇನೆ.