ಈ ಬೇಸಿಗೆ ಡಿಸ್ಕ್ ಗಾಲ್ಫಿಗೆ ಎಲ್ಲಿಗೆ?

ಭಾನುವಾರ, 18 ಮೇ 2025
ಎಡಿಸನ್, ನ್ಯೂಜೆರ್ಸಿ

ಕೊನೆಗೂ ಇವತ್ತು ತೀರ್ಮಾನ ಆಯ್ತು. ಮೂರು ವಾರದಿಂದ ರಾತ್ರಿ ಊಟ ಆದಮೇಲೆ ಇದೇ ಮಾತು. ಜೂನ್ ಕೊನೆಗೆ ಮಗಳ ಸ್ಕೂಲ್ ಮುಗಿಯುತ್ತದೆ. ಜುಲೈನಲ್ಲಿ ಇವರಿಗೆ ಒಂದು ವಾರ ರಜೆ. ಡಿಸ್ಕ್ ಗಾಲ್ಫ್ ಆಡೋಕೆ ಎಲ್ಲಿಗೆ ಹೋಗೋದು?

ಈ ಆಟ ನೋಡಿಲ್ಲದವರಿಗೆ ಎರಡು ಮಾತು. ಕೋಲು, ಚೆಂಡು ಏನೂ ಇಲ್ಲ. ತಿಂಡಿ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಡಿಸ್ಕ್ ಎಸೆಯಬೇಕು. ಬಿದ್ದ ಜಾಗದಿಂದ ಮತ್ತೆ ಎಸೆಯಬೇಕು. ಕೊನೆಗೆ ಕಂಬಕ್ಕೆ ಸರಪಳಿ ಇಳಿಬಿಟ್ಟ ಬುಟ್ಟಿಯೊಳಗೆ ಬೀಳಿಸಬೇಕು. ಹದಿನೆಂಟು ಬುಟ್ಟಿ ಮುಗಿಯುವ ಹೊತ್ತಿಗೆ ಯಾರು ಕಡಿಮೆ ಸಲ ಎಸೆದಿರುತ್ತಾರೋ ಅವರು ಗೆದ್ದ ಹಾಗೆ. ನಾವು ನಾಲ್ಕು ವರ್ಷದಿಂದ ಆಡುತ್ತಿದ್ದೇವೆ. ಎಷ್ಟೋ ಪಾರ್ಕುಗಳಲ್ಲಿ ದುಡ್ಡು ಕೊಡೋ ಹಾಗೂ ಇಲ್ಲ.

ಈ ಸಲ ಮಾತು ಇಷ್ಟು ಉದ್ದವಾಗಿದ್ದು ಅಪ್ಪನಿಂದ. ಅಪ್ಪ ಏಪ್ರಿಲ್‌ನಲ್ಲಿ ತಿಪಟೂರಿನಿಂದ ಬಂದಿದ್ದಾರೆ. ಅಮ್ಮ ಹೋದಮೇಲೆ ಒಬ್ಬರೇ ಬಂದದ್ದು ಇದೇ ಮೊದಲು. ಮೊದಲ ಎರಡು ವಾರ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಒಂದು ಸಂಜೆ ಮಗಳು ಬಲವಂತ ಮಾಡಿ ಪಾರ್ಕಿಗೆ ಕರೆದುಕೊಂಡು ಬಂದಳು. "ನಾನು ಸುಮ್ನೆ ಬೆಂಚ್ ಮೇಲೆ ಕೂತಿರ್ತೀನಿ, ನೀವು ಆಡ್ಕೊಳ್ಳಿ" ಅಂದರು. ಮೂರನೇ ಬುಟ್ಟಿ ಹತ್ತಿರ ಮಗಳ ಡಿಸ್ಕ್ ಸರಪಳಿಗೆ ಬಡಿದು ಝಣ್ ಅಂತು. ಅಪ್ಪ ಎದ್ದು ನಿಂತರು. ಬುಟ್ಟಿ ಹತ್ತಿರ ಹೋಗಿ ಸರಪಳಿಗಳನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. "ನಮ್ಮ ತೂಗುಮಣೆ ಸದ್ದು ಕಣಮ್ಮ ಇದು" ಅಂದರು. ನಡುಮನೆಯ ತೂಗುಮಣೆ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದ ಅಮ್ಮ ನನ್ನ ಕಣ್ಣ ಮುಂದೆ ಬಂದಳು. ಅವರಿಗೂ ಬಂದಿರಬೇಕು.

ಅವತ್ತಿನಿಂದ ಅಪ್ಪ ದಿನಾ ಸಂಜೆ ಐದಕ್ಕೇ ಶೂ ಹಾಕಿಕೊಂಡು ಕೂತಿರುತ್ತಾರೆ. ಮಗಳ ಹಳೇ ಲೆಪರ್ಡ್ ಡಿಸ್ಕ್ ಈಗ ಅವರದು. ಅದರ ಮೇಲೆ 6, 5, -2, 1 ಅಂತ ನಂಬರ್ ಇದೆ. ಎಷ್ಟು ವೇಗ ಬೇಕು, ಎಷ್ಟು ತೇಲುತ್ತೆ, ಮೊದಲು ಯಾವ ಕಡೆ ವಾಲುತ್ತೆ, ಕೊನೆಗೆ ಎಷ್ಟು ತಿರುಗುತ್ತೆ ಅನ್ನೋ ಲೆಕ್ಕ. ಮೊಮ್ಮಗಳು ಹೇಳಿಕೊಟ್ಟಳು, ಹೈಸ್ಕೂಲ್ ಮೇಷ್ಟ್ರು ಬಾಯಿಪಾಠ ಮಾಡಿಕೊಂಡರು. ನೂರು ಅಡಿ ದಾಟಿದರೆ ಅವರ ಮುಖ ನೋಡಬೇಕು! ಎಪ್ಪತ್ತೆರಡು ವರ್ಷ, ಬಲಮಂಡಿ ನೋವು. ಆದರೂ ಕೈಯಲ್ಲಿ ಹದ ಇದೆ. ಚಿಕ್ಕಂದಿನಲ್ಲಿ ಲಗೋರಿ ಆಡಿದ ಕೈ ಅಲ್ವಾ.

ಮಗಳಿಗೆ ಫಿನ್‌ಲ್ಯಾಂಡ್ ಬೇಕಿತ್ತು. ಈ ವರ್ಷದ ವಿಶ್ವ ಚಾಂಪಿಯನ್‌ಶಿಪ್ ಅಲ್ಲಿನ ತಾಂಪೆರೆ, ನೋಕಿಯಾ ಊರುಗಳಲ್ಲಿ ನಡೆಯುತ್ತೆ. ಫೋನ್ ಕಂಪನಿಗೆ ಹೆಸರು ಬಂದದ್ದು ಇದೇ ನೋಕಿಯಾ ಊರಿಂದ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಹತ್ತರ ಮೇಲೂ ಬೆಳಕಿರುತ್ತೆ, ಆಡ್ತಾನೇ ಇರಬಹುದು. ಅವಳ ಆಸೆ ನನಗೆ ಪೂರ್ತಿ ಅರ್ಥವಾಗುತ್ತೆ. ಆದರೆ ಅಪ್ಪನಿಗೆ ಬೇರೆ ವೀಸಾ ಬೇಕು, ನಾಲ್ಕು ಜನರ ಟಿಕೆಟ್ ನಮ್ಮ ಕೈಗೆ ಎಟುಕಲ್ಲ.

ಇವರಿಗೆ ಕ್ಯಾಲಿಫೋರ್ನಿಯಾ. ಪ್ಯಾಸಡೀನಾ ಹತ್ತಿರದ ಓಕ್ ಗ್ರೋವ್‌ನಲ್ಲಿ 1975ರಲ್ಲಿ ಎಡ್ ಹೆಡ್ರಿಕ್ ಮೊದಲ ಕಾಯಂ ಕೋರ್ಸ್, ಅಂದರೆ ಈ ಆಟದ ಮೈದಾನ, ಮಾಡಿದ್ದು. ಆಗ ಗುರಿಗೆ ಬರೀ ಕಂಬಗಳಿದ್ದವು. ಸರಪಳಿ ಬುಟ್ಟಿ ಆಮೇಲೆ ಅವರೇ ಮಾಡಿದ್ದು. "ಒಂದ್ ಸಲ ಆ ಮಣ್ಣು ತುಳೀಬೇಕು" ಅಂತ ಇವರು ಬಹಳ ದಿನದಿಂದ ಹೇಳ್ತಿದ್ದಾರೆ. ಮೊನ್ನೆ ಊಟದ ಹೊತ್ತಿನಲ್ಲಿ ಅಪ್ಪನಿಗೆ ಹೆಡ್ರಿಕ್ ಕಥೆ ಹೇಳಿದರು. 2002ರಲ್ಲಿ ಅವರು ತೀರಿಕೊಂಡಾಗ, ಅವರದೇ ಆಸೆಯಂತೆ, ಬೂದಿಯನ್ನು ಪ್ಲಾಸ್ಟಿಕ್ ಜೊತೆ ಬೆರೆಸಿ ಡಿಸ್ಕ್ ಮಾಡಿಸಿದರಂತೆ. ಅಪ್ಪ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ಅಮ್ಮನ ಅಸ್ಥಿ ಬಿಡೋಕೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದು ನೆನಪಾಯಿತೇನೋ. ಸ್ವಲ್ಪ ಹೊತ್ತು ಬಿಟ್ಟು, "ನಾವು ನೀರಿಗೆ ಬಿಡ್ತೀವಿ, ಅವರು ಗಾಳಿಗೆ ಬಿಟ್ರು" ಅಂದರು. ಅಷ್ಟೇ ಮಾತು. ಆಮೇಲೆ ಮಜ್ಜಿಗೆ ಕೇಳಿದರು.

ಕ್ಯಾಲಿಫೋರ್ನಿಯಾನೂ ವಿಮಾನದ ದಾರಿ, ಮುಂದಿನ ಸಲಕ್ಕೆ ಬಿಟ್ಟೆವು.

ನಾರ್ತ್ ಕೆರೊಲಿನಾದ ಷಾರ್ಲೆಟ್ ಮಾತು ಬಂದಾಗ ನಾನೇ ಬೇಡ ಅಂದೆ. ಹೋದ ವರ್ಷ ಜುಲೈನಲ್ಲಿ ಅಲ್ಲಿಗೆ ಹೋಗಿದ್ದೆವು. ಊರು ತುಂಬ ಕೋರ್ಸ್‌ಗಳಿವೆ, ಒಂದಕ್ಕಿಂತ ಒಂದು ಚೆನ್ನ. ಆದರೆ ಆ ಧಗೆ! ಬೆಳಿಗ್ಗೆ ಹತ್ತಕ್ಕೆಲ್ಲ ಬೆವರಿಗೆ ಡಿಸ್ಕ್ ಕೈಯಿಂದ ಜಾರುತ್ತಿತ್ತು. ಏಳನೇ ಬುಟ್ಟಿ ಹತ್ತಿರ ಮಗಳು ತಲೆ ಸುತ್ತುತ್ತೆ ಅಂತ ನೆಲಕ್ಕೆ ಕೂತಳು. ಮುಖ ಕೆಂಪಾಗಿತ್ತು, ಮೈ ಸುಡುತ್ತಿತ್ತು. ಮರದ ಕೆಳಗೆ ಮಲಗಿಸಿ, ಬಾಟ್ಲಿಯಲ್ಲಿದ್ದ ನೀರೆಲ್ಲ ಅವಳ ಕತ್ತಿಗೆ ಸುರಿದೆ. ಆ ಅರ್ಧ ಗಂಟೆ ನಾನು ಯಾವತ್ತೂ ಮರೆಯಲ್ಲ. ಅಲ್ಲಿಗೆ ಅಪ್ಪನನ್ನು ಜುಲೈನಲ್ಲಿ ಕರೆದುಕೊಂಡು ಹೋಗೋ ಮಾತೇ ಇಲ್ಲ.

ಹಾಗಾಗಿ ನಾನು ಉತ್ತರದ ಕಡೆ ನೋಡಿದೆ. ಕೋರ್ಸ್ ಎಷ್ಟು ಹೆಸರುವಾಸಿ ಅಂತ ಕೇಳೋದು ಬಿಟ್ಟು, ನೆರಳು ಇದೆಯಾ, ಅಪ್ಪನ ಮಂಡಿ ತಡೆಯುತ್ತಾ, ಕಾರಿನಲ್ಲಿ ಎಷ್ಟು ಹೊತ್ತು ಕೂರಬೇಕು ಅಂತ ಕೇಳಿಕೊಂಡೆ. ಹಾಗೆ ಕೇಳಿದರೆ ಉಳಿದದ್ದು ಎರಡೇ.

ಒಂದು, ಮ್ಯಾಸಚೂಸೆಟ್ಸ್‌ನ ಲೆಸ್ಟರ್‌ನಲ್ಲಿರೋ ಮೇಪಲ್ ಹಿಲ್. ಕ್ರಿಸ್‌ಮಸ್ ಮರ ಬೆಳೆಯೋ ತೋಟದಲ್ಲಿ ಮಾಡಿದ ಕೋರ್ಸ್ ಅದು. ದೊಡ್ಡ ದೊಡ್ಡ ಆಟಗಾರರು ಪಂದ್ಯ ಆಡೋ ಜಾಗ. ನನಗೆ ಇಷ್ಟವಾಗಿದ್ದು ಅಲ್ಲಿನ ಬೇರೆ ಬೇರೆ ಬಣ್ಣದ ಟೀಗಳು. ಎಸೆಯಲು ನಿಲ್ಲೋ ಜಾಗಕ್ಕೆ ಟೀ ಅನ್ನೋದು. ಇವರು ದೂರದ ಟೀಯಿಂದ ಎಸೀಲಿ, ಅಪ್ಪ ಹತ್ತಿರದ ಕೆಂಪು ಟೀಯಿಂದ. ನಾಲ್ಕೂ ಜನ ಒಟ್ಟಿಗೆ ನಡೆದುಕೊಂಡು ಹೋಗಬಹುದು. ಮೊದಲ ಬುಟ್ಟಿಗೆ ಎಸೆಯೋವಾಗಲೇ ಎದುರಿಗೆ ಕೆರೆ. "ಡಿಸ್ಕ್ ಮುಳುಗಿಬಿಟ್ರೆ?" ಅಂತ ಅಪ್ಪನ ಚಿಂತೆ. ನೀರಲ್ಲಿ ತೇಲೋ ಡಿಸ್ಕ್ ಕೂಡ ಸಿಗುತ್ತೆ ತಾತ ಅಂತ ಮಗಳು ಸಮಾಧಾನ ಮಾಡಿದಳು. ಮುಕ್ಕಾಲು ಗಂಟೆ ದಾರಿಯಲ್ಲಿ ಆ್ಯಶ್‌ಲ್ಯಾಂಡ್‌ನ ಲಕ್ಷ್ಮೀ ದೇವಸ್ಥಾನ ಇದೆ ಅಂದಿದ್ದಕ್ಕೆ ಅಪ್ಪನ ಓಟು ಅಲ್ಲಿಗೇ ಬಿತ್ತು.

ಇನ್ನೊಂದು, ವರ್ಮಾಂಟ್‌ನ ಸ್ಮಗ್ಲರ್ಸ್ ನಾಚ್. 2018 ಮತ್ತು 2023ರ ವಿಶ್ವ ಚಾಂಪಿಯನ್‌ಶಿಪ್ ನಡೆದ ಜಾಗ. ಬ್ರೂಸ್ಟರ್ ರಿಡ್ಜ್ ಅನ್ನೋ ಕೋರ್ಸ್ ಕಾಡೊಳಗೆ, ಫಾಕ್ಸ್ ರನ್ ಮೆಡೋಸ್ ಹೆಚ್ಚು ಬಯಲಲ್ಲಿ. ಎರಡೂ ಒಂದೇ ಕಡೆ ಇರೋದು ನಮಗೆ ಅನುಕೂಲ. ಇವರೂ ಮಗಳೂ ಕಾಡಲ್ಲಿ ಮರಗಳ ಮಧ್ಯೆ ಗುರಿ ಹಿಡಿಯಲಿ. ನಾನೂ ಅಪ್ಪನೂ ಬಯಲಲ್ಲಿ ಬೇಕಾದಷ್ಟು ಬುಟ್ಟಿ ಆಡಿ, ಸಾಕು ಅನ್ನಿಸಿದಾಗ ಹುಲ್ಲಿನ ಮೇಲೆ ಕೂರ್ತೀವಿ. ಬೆಟ್ಟದ ಜಾಗ, ಇಲ್ಲಿಗಿಂತ ತಂಪು. ಸ್ಟೋ ಕಡೆಯ ಕಣಿವೆ ರಸ್ತೆಯಲ್ಲಿ ದೊಡ್ಡ ಲಾರಿ ಬಿಡೋದಿಲ್ಲ, ಬಂಡೆಗಳ ನಡುವೆ ಅಷ್ಟು ಇಕ್ಕಟ್ಟು. ನಮ್ಮ ಚಾರ್ಮಾಡಿ ಘಾಟಿ ನೆನಪು ಮಾಡಿಕೊಂಡು ಅಪ್ಪ ಈಗಲೇ ಇವರಿಗೆ "ನೀವು ನಿಧಾನ ಓಡಿಸಬೇಕು" ಅಂತ ಹೇಳಿಟ್ಟಿದ್ದಾರೆ.

ಎರಡರಲ್ಲಿ ಯಾವುದು ಅಂತ ಇವತ್ತು ಸಂಜೆವರೆಗೂ ಎಳೆದಾಟ. ಮ್ಯಾಪ್ ಇಟ್ಟುಕೊಂಡು ನೋಡಿದರೆ ಉತ್ತರ ಅಲ್ಲೇ ಇತ್ತು. ವರ್ಮಾಂಟ್‌ಗೆ ಒಂದೇ ದಿನ ಆರು ಗಂಟೆ ಅಪ್ಪನನ್ನು ಕೂರಿಸೋಕಾಗಲ್ಲ. ಜುಲೈ 10, ಗುರುವಾರ ಹೊರಟು ಲೆಸ್ಟರ್ ಹತ್ತಿರ ಎರಡು ರಾತ್ರಿ. ಶುಕ್ರವಾರ ಬೆಳಿಗ್ಗೆ ದೇವಸ್ಥಾನ, ಸಂಜೆ ಮೇಪಲ್ ಹಿಲ್. ಶನಿವಾರ ಮೇಲಕ್ಕೆ, ವರ್ಮಾಂಟ್‌ಗೆ. ಆಮೇಲೆ ನಾಲ್ಕು ದಿನ ಬೆಟ್ಟದಲ್ಲಿ.

ಒಂದೇ ಭಯ, ಉಣ್ಣೆ ಹುಳ. ಆ ಕಡೆ ಕಾಡಿನಲ್ಲಿ ಜಾಸ್ತಿ, ಲೈಮ್ ಕಾಯಿಲೆ ತರುತ್ತೆ. ದನದ ಮೈಮೇಲೆ ಇರುತ್ತಲ್ಲ, ಆ ಜಾತಿಯದೇ, ಆದರೆ ಮರಿ ಗಸಗಸೆ ಕಾಳಿನಷ್ಟೇ ಇರುತ್ತೆ. ತಿಳಿ ಬಣ್ಣದ ಪ್ಯಾಂಟ್, ಅದರ ತುದಿ ಕಾಲುಚೀಲದೊಳಗೆ. ದಿನಾ ಸಂಜೆ ರೂಮಿಗೆ ಬಂದ ತಕ್ಷಣ ಎಲ್ಲರ ಮಂಡಿ ಹಿಂಭಾಗ, ಕಿವಿ ಹಿಂಭಾಗ ನೋಡೋ ಕೆಲಸ ನನ್ನದು. ಅಪ್ಪ ಪಂಚೆ ಉಡ್ತೀನಿ ಅಂದರೆ ಈ ಒಂದು ವಾರ ನಾನು ಬಿಡಲ್ಲ.

ಊಟ ಆದಮೇಲೆ ಮಗಳು ಮಾರ್ಕರ್ ಪೆನ್ ತಂದಳು. ಕಳೆದುಹೋದರೆ ಸಿಕ್ಕವರು ಫೋನ್ ಮಾಡಲಿ ಅಂತ ಡಿಸ್ಕ್ ಹಿಂದೆ ಹೆಸರು, ನಂಬರ್ ಬರೆಯೋದು ಇಲ್ಲಿ ವಾಡಿಕೆ. ಅಪ್ಪ ಪೆನ್ ತಾವೇ ತೆಗೆದುಕೊಂಡು ಲೆಪರ್ಡ್ ಹಿಂದೆ ಕನ್ನಡದಲ್ಲಿ ತಮ್ಮ ಹೆಸರು ಬರೆದರು. ಬೋರ್ಡಿನ ಮೇಲೆ ಬರೆಯುತ್ತಿದ್ದರಲ್ಲ, ಅದೇ ದುಂಡು ಅಕ್ಷರ. ಇವರು ನಿನ್ನೆ ತಂದುಕೊಟ್ಟ ಹಳದಿ ಡಿಸ್ಕನ್ನೂ ಎಳೆದುಕೊಂಡರು, ನೀರಲ್ಲಿ ತೇಲೋದು. ಅದರ ಮೇಲೆ ಅಮ್ಮನ ಹೆಸರು ಬರೆದರು. ಮಗಳು ಏನೂ ಕೇಳಲಿಲ್ಲ. ಎರಡರ ಕೆಳಗೂ ನನ್ನ ಫೋನ್ ನಂಬರ್ ಬರೆದು, ಶಾಯಿ ಆರಲಿ ಅಂತ ಊಟದ ಮೇಜಿನ ಮೇಲೆ ಅಂಗಾತ ಇಟ್ಟಳು.